ಹಳೆಯ ರೋಸ್‌ಬ್ಯಾಂಕ್ ಬಾಟಲಿ: ತೆರೆಯುವ ಬಗೆ, ಸವಿಯುವ ಬಗೆ

ಮೊದಲು ಲೇಬಲ್ ಓದಿ. ಸ್ಕಾಟ್ಲೆಂಡಿನ ಫಾಲ್ಕರ್ಕ್‌ನಲ್ಲಿ, ಫೋರ್ತ್ ಆ್ಯಂಡ್ ಕ್ಲೈಡ್ ಕಾಲುವೆಯ ದಡದಲ್ಲಿ 1840ರಲ್ಲಿ ಶುರುವಾದ ರೋಸ್‌ಬ್ಯಾಂಕ್ ಎಂಬ ಈ ವಿಸ್ಕಿ ಡಿಸ್ಟಿಲರಿ 1993ರಲ್ಲಿ ಮುಚ್ಚಿತು. 2008ರ ಕ್ರಿಸ್‌ಮಸ್ ರಜೆಯ ಹೊತ್ತಿಗೆ ಕಳ್ಳರು ಅದರ ತಾಮ್ರದ ಹಂಡೆಗಳನ್ನೇ ಹೊತ್ತೊಯ್ದರು. ಹೊಸ ಹಂಡೆಗಳಲ್ಲಿ ಮತ್ತೆ ಭಟ್ಟಿ ಇಳಿಸಿದ್ದು 2023ರಲ್ಲಿ. ಹೀಗಾಗಿ ಭಟ್ಟಿ ಇಳಿಸಿದ ವರ್ಷ 1993 ಅಥವಾ ಅದಕ್ಕೂ ಹಿಂದಿನದಾಗಿದ್ದರೆ ಮಾತ್ರ ಅದು ಹಳೆಯ ರೋಸ್‌ಬ್ಯಾಂಕ್. ಲೇಬಲ್ಲಿನ ವಯಸ್ಸು ಓಕ್ ಪೀಪಾಯಿಯಲ್ಲಿ ಕಳೆದ ಕಾಲವಷ್ಟೇ. ಗಾಜಿನೊಳಗೆ ಎಷ್ಟು ವರ್ಷ ಕೂತರೂ 12 ವರ್ಷದ್ದು 12 ವರ್ಷದ್ದೇ.

ಬಾಟಲಿಯನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಡಿ. ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ನಿಂತೇ ಇದ್ದರೆ ಕಾರ್ಕ್ ಒಣಗುತ್ತದೆ ಎನ್ನುವುದೂ ನಿಜ. ಅದಕ್ಕೇ ತೆರೆಯುವ ಮುನ್ನ ಒಂದೆರಡು ನಿಮಿಷ ಬಾಟಲಿಯನ್ನು ಓರೆ ಮಾಡಿ ಕಾರ್ಕ್ ನೆನೆಸಿ. ಆಮೇಲೆ ಕಾರ್ಕನ್ನು ಮೇಲಕ್ಕೆ ಜಗ್ಗದೆ, ನಿಧಾನವಾಗಿ ತಿರುಗಿಸುತ್ತ ಬಿಡಿಸಿ. ಒಳಗೇ ಮುರಿದರೆ ಗಾಬರಿ ಬೇಡ: ಸಣ್ಣ ಕಣ್ಣಿನ ಸ್ಟೀಲ್ ಜರಡಿಯಲ್ಲಿ ಸೋಸಿ, ಶುಚಿಯಾದ ಬೇರೆ ಬಾಟಲಿಗೆ ತುಂಬಿ. ಸರಿಹೊಂದುವ ಇನ್ನೊಂದು ಕಾರ್ಕ್ ಮೊದಲೇ ಕೈಯಲ್ಲಿರಲಿ.

ಬಾಯಿ ಕಿರಿದಾದ ಟ್ಯೂಲಿಪ್ ಗ್ಲಾಸಿಗೆ 20 ಮಿಲಿ ಸುರಿದು 15 ನಿಮಿಷ ಬಿಡಿ. ಐಸ್ ಬೇಡವೇ ಬೇಡ, ತಂಪಿಗೆ ಪರಿಮಳ ಮುದುಡುತ್ತದೆ. ಇಲ್ಲಿ ಹುಡುಕಬೇಕಾದದ್ದು ಎರಡು ಎದುರುಬದುರು ಗುಣಗಳನ್ನು. ರೋಸ್‌ಬ್ಯಾಂಕ್‌ನಲ್ಲಿ ಮೂರು ಸಲ ಭಟ್ಟಿ ಇಳಿಸುತ್ತಿದ್ದರು. ಅದರಿಂದ ಮದ್ಯ ಹಗುರವಾಗಿ, ಹುಲ್ಲು, ಹೂವು, ನಿಂಬೆ ಸಿಪ್ಪೆಯ ವಾಸನೆ ಮುಂದೆ ಬರುತ್ತದೆ. ಆದರೆ ಆವಿಯನ್ನು ತಣಿಸುತ್ತಿದ್ದದ್ದು ವರ್ಮ್ ಟಬ್‌ನಲ್ಲಿ, ಅಂದರೆ ನೀರಿನ ತೊಟ್ಟಿಯೊಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆಯಲ್ಲಿ. ಹಲವು ಕೊಳವೆಗಳ ಬದಲು ಒಂದೇ ಕೊಳವೆಯಾದ್ದರಿಂದ ಆವಿಗೆ ತಾಮ್ರ ತಾಗುವುದು ಕಡಿಮೆ, ಹಾಗಾಗಿ ಮದ್ಯದ ಮೈಕಟ್ಟು, ಅಂದರೆ ಬಾಯಲ್ಲಿನ ದಪ್ಪ, ಉಳಿಯುತ್ತದೆ. ಮೂಗಿಗೆ ಹೂವು, ನಾಲಿಗೆಗೆ ಎಣ್ಣೆಯ ಜಿಡ್ಡು: ಈ ಜೋಡಿಯೇ ರೋಸ್‌ಬ್ಯಾಂಕ್. ಒಂದು ಗುಟುಕನ್ನು ಹತ್ತು ಸೆಕೆಂಡ್ ಬಾಯಲ್ಲೇ ಹೊರಳಾಡಿಸಿದರೆ ಜಿಡ್ಡು ತಾನಾಗಿ ತಿಳಿಯುತ್ತದೆ.

ಶೇ. 43 ಆಲ್ಕೋಹಾಲ್ ಇರುವುದಕ್ಕೆ ನೀರು ಸಾಮಾನ್ಯವಾಗಿ ಬೇಕಾಗದು. ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ ಶೇ. 55ರದ್ದಾದರೆ 20 ಮಿಲಿಗೆ 4 ಮಿಲಿ ನೀರು ಸೇರಿದಾಗ ಸುಮಾರು ಶೇ. 46ಕ್ಕೆ ಇಳಿಯುತ್ತದೆ. ಅಷ್ಟನ್ನೂ ಒಮ್ಮೆಗೇ ಹಾಕಬೇಡಿ. ನಾಲ್ಕೈದು ಹನಿ, ಒಂದು ಗುಟುಕು, ಮತ್ತೆ ನಾಲ್ಕೈದು ಹನಿ. ಹೆಚ್ಚಾದ ನೀರನ್ನು ಹಿಂದಕ್ಕೆ ತೆಗೆಯಲಾಗದು. ಚಿಲ್ ಫಿಲ್ಟರ್ ಮಾಡದ, ಅಂದರೆ ತಣ್ಣಗಾಗಿಸಿ ಸೋಸದ, ವಿಸ್ಕಿ ಆಗ ಸ್ವಲ್ಪ ಮಸುಕಾಗಬಹುದು, ಅದು ಕೆಟ್ಟದ್ದರ ಗುರುತಲ್ಲ.

ಬಾಟಲಿ ಅರ್ಧಕ್ಕಿಳಿದ ಮೇಲೆ ಒಳಗಿನ ಗಾಳಿಯೇ ಶತ್ರು, ಮೊದಲು ಸೊರಗುವುದು ಹೂವಿನ ವಾಸನೆ. ಉಳಿದದ್ದನ್ನು 100 ಮಿಲಿಯ ಗಾಜಿನ ಸೀಸೆಗಳಿಗೆ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಕತ್ತಲಲ್ಲಿಡಿ.