ಧನುರ್ಮಾಸದ ಹುಗ್ಗಿ: ಹೊತ್ತಿಗೆ ಮುಂಚೆ, ಗಟ್ಟಿಯಾಗದ ಹಾಗೆ

ಪ್ರತಿ ಡಿಸೆಂಬರ್‌ನಲ್ಲೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇದೇ ಕಥೆ. ಧನುರ್ಮಾಸದ ಮೊದಲ ದಿನ ಐದು ಮನೆಗಳಿಂದ ಹುಗ್ಗಿ ಬರುತ್ತದೆ. ಅದರಲ್ಲಿ ಮೂರು ಡಬ್ಬಿ ತಲೆಕೆಳಗು ಹಿಡಿದರೂ ಹುಗ್ಗಿ ಅಲ್ಲಾಡುವುದಿಲ್ಲ. ವಾರ ಕಳೆಯುವಷ್ಟರಲ್ಲಿ 'ಎದ್ದೇಳೋಕೇ ಆಗಲ್ಲಪ್ಪಾ' ಅಂತ ನಾಲ್ಕು ಮನೆಯವರು ಕೈಬಿಟ್ಟಿರುತ್ತಾರೆ.

ಸೂರ್ಯ ಧನು ರಾಶಿಗೆ ಬರುವ ಡಿಸೆಂಬರ್ 16ರ ಆಸುಪಾಸಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ನಮ್ಮ ಒಂದು ವರ್ಷ ದೇವತೆಗಳಿಗೆ ಒಂದು ದಿನ, ಉತ್ತರಾಯಣ ಅವರ ಹಗಲು. ಅದಕ್ಕೂ ಮುಂಚಿನ ಈ ತಿಂಗಳು ಅವರ ಬೆಳಗಿನ ಜಾವ. ವಿಷ್ಣು ಪೂಜೆಗೆ ಇದೇ ಒಳ್ಳೆ ಹೊತ್ತು ಅನ್ನುವ ನಂಬಿಕೆ ಬಂದಿದ್ದು ಹೀಗೆ. ಆ ಪೂಜೆಯ ನೈವೇದ್ಯವೇ ಹುಗ್ಗಿ. ತಿರುಮಲದಲ್ಲೂ ಈ ತಿಂಗಳು ಸುಪ್ರಭಾತದ ಬದಲು ತಮಿಳು ಭಕ್ತ ಕವಯಿತ್ರಿ ಆಂಡಾಳ್ ಹಾಡಿದ ತಿರುಪ್ಪಾವೈ. ಮದುವೆ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ ನಿಜ. ಹಾಗಂತ ಕೆಟ್ಟ ತಿಂಗಳು ಅನ್ನಬೇಡಿ, ದೇವರಿಗೆ ಮೀಸಲು ಅಷ್ಟೆ.

ಹೊತ್ತು. ನಕ್ಷತ್ರ ಕಾಣುವಾಗ ಪೂಜೆಯಾದರೆ ಉತ್ತಮ, ಮರೆಯಾದ ಮೇಲೆ ಮಧ್ಯಮ, ಸೂರ್ಯ ಹುಟ್ಟಿದ ಮೇಲೆ ಅಧಮ ಅಂತ ಹಿರಿಯರ ಮಾತು. ಬೆಂಗಳೂರಿನಲ್ಲಿ ಆಗ ಸೂರ್ಯೋದಯ ಸುಮಾರು 6.30ರಿಂದ 6.45. ಅರುಣೋದಯ ಅದಕ್ಕೆ ನಾಲ್ಕು ಘಳಿಗೆ ಮುಂಚೆ, ಘಳಿಗೆಗೆ 24 ನಿಮಿಷ. ಅಲ್ಲಿಗೆ ಸರಿಸುಮಾರು ಐದು ಗಂಟೆ. ಸ್ನಾನ ಮುಗಿಸಿ ಐದಕ್ಕೇ ಒಲೆ ಹಚ್ಚಿ.

ಹಿಂದಿನ ರಾತ್ರಿ. ಒಂದು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ ಅಳೆದಿಡಿ. ಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ. ಕೆಂಪಾದರೆ ಬೇಯಲು ಸತಾಯಿಸುತ್ತದೆ. ಪೊಂಗಲ್ ಮಿಕ್ಸ್ ಪ್ಯಾಕೆಟ್ ಮಾತ್ರ ತರಬೇಡಿ. ತಿಂಗಳಿಡೀ ಮಾಡುವ ಅಡುಗೆಗೆ ಅದರ ಹಂಗು ಯಾಕೆ?

ಹುಗ್ಗಿ. ಎಲ್ಲರೂ ಎಡವುವುದು ನೀರಿನಲ್ಲಿ. ಅನ್ನದ ಲೆಕ್ಕದಲ್ಲಿ ನಾಲ್ಕೈದು ಲೋಟ ಹಾಕಿ ಕೂರುತ್ತಾರೆ. ಏಳು ಲೋಟ ಹಾಕಿ. ಚಿಟಿಕೆ ಅರಿಶಿನ, ಒಂದು ಚಮಚ ತುಪ್ಪ, ನಾಲ್ಕು ವಿಷಲ್. ಕುಕ್ಕರ್ ತಾನಾಗಿ ತಣಿಯಲಿ. ಮುಚ್ಚಳ ತೆಗೆದಾಗ 'ಅಯ್ಯೋ, ನೀರಾಯ್ತು' ಅನ್ನಿಸಬೇಕು. ಅನ್ನಿಸಲಿಲ್ಲವಾ? ಪಕ್ಕದಲ್ಲಿ ಕುದಿಯುತ್ತಿರುವ ನೀರು ಒಂದು ಲೋಟ ಸುರಿದು, ಸೌಟಿನ ಬೆನ್ನಿನಿಂದ ಮಸೆಯಿರಿ. ತಣ್ಣೀರು ಹಾಕಿದರೆ ಹುಗ್ಗಿ ಒಂದು ಕಡೆ, ನೀರು ಒಂದು ಕಡೆ. ಸೌಟು ಓರೆ ಮಾಡಿದರೆ ತಾನೇ ಜಾರಿ ಬೀಳಬೇಕು. ಮಂಗಳಾರತಿ ಆಗುವಷ್ಟರಲ್ಲಿ ಅದು ಬಿಗಿದುಕೊಂಡು ಹದಕ್ಕೆ ಬಂದಿರುತ್ತದೆ. ಒಲೆ ಮೇಲೇ ಹದವಾಗಿ ಕಂಡ ಹುಗ್ಗಿ ತಟ್ಟೆಗೆ ಬರುವಾಗ ಇಟ್ಟಿಗೆ.

ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿಲ್ಲ. ಹಾಗಾಗಿ ಉಪ್ಪಿಗೆ ಒಂದೇ ಅಳತೆ ಗೊತ್ತು ಮಾಡಿಕೊಳ್ಳಿ. ಈ ಪ್ರಮಾಣಕ್ಕೆ ನನ್ನದು ಮಟ್ಟಸವಾಗಿ ಎರಡು ಟೀ ಚಮಚ.

ಒಗ್ಗರಣೆಗೆ ತುಪ್ಪದಲ್ಲಿ ಮೊದಲು ಗೋಡಂಬಿ ಹುರಿದು ತೆಗೆದಿಡಿ. ಆಮೇಲೆ ಜೀರಿಗೆ, ಮೆಣಸು, ಶುಂಠಿ, ಇಂಗು, ಕರಿಬೇವು. ಮೆಣಸನ್ನು ಕುಟ್ಟಿಯೇ ಹಾಕಿ. ಇಡಿಯಾಗಿ ಹಾಕಿದರೆ ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಾರೆ. ಕೊನೆಗೆ ಒಣಕೊಬ್ಬರಿ ತುರಿ.

ತುಪ್ಪದ ವಿಷಯಕ್ಕೆ ಇನ್ನೊಂದು ಮಾತು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ 'ದೀಪದ ತುಪ್ಪ' ದೀಪಕ್ಕಷ್ಟೇ. ತಿನ್ನಲು ಅಲ್ಲ ಅಂತ ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಒಂದು ವರ್ಷ ನಿದ್ದೆಗಣ್ಣಲ್ಲಿ ನಾನೇ ಅದನ್ನು ಒಗ್ಗರಣೆಗೆ ಸುರಿದೆ. ಆವತ್ತು ದೇವರಿಗೆ ಬಾಳೆಹಣ್ಣೇ ಗತಿ. ಆಮೇಲಿಂದ ಆ ಡಬ್ಬಿ ಅಡುಗೆಮನೆಗೆ ಕಾಲಿಟ್ಟಿಲ್ಲ.

ಸಿಹಿ ಹುಗ್ಗಿ ಬೇಕಿದ್ದರೆ ಬೆಲ್ಲವನ್ನು ಬೇಳೆ ಪೂರ್ತಿ ಬೆಂದ ಮೇಲೆ ಹಾಕಿ. ಮೊದಲೇ ಹಾಕಿದರೆ ಬೇಳೆ ಬೇಯುವುದೇ ಇಲ್ಲ.

ಪೂಜೆ. ರಂಗೋಲಿ, ದೀಪ, ತುಳಸಿ, ಬಿಸಿ ಹುಗ್ಗಿಯ ನೈವೇದ್ಯ, ಮಂಗಳಾರತಿ. ಅಷ್ಟೇ.

ಏಕಾದಶಿ ದಿನ ಉಪವಾಸದ ಮನೆಗಳಲ್ಲಿ ಹುಗ್ಗಿ ಇಲ್ಲ. ಈ ತಿಂಗಳ ಶುಕ್ಲ ಏಕಾದಶಿಯೇ ವೈಕುಂಠ ಏಕಾದಶಿ. ಬೆಂಗಳೂರಿನ ಕೋಟೆ ವೆಂಕಟರಮಣನ ಗುಡಿಯ ಸಾಲಿನಲ್ಲಿ ನಿಲ್ಲುವವರು ಸ್ವೆಟರ್ ಮರೆಯಬೇಡಿ.

ದಿನಾ ಏಳಲು ಆಗದಿದ್ದರೆ ಶನಿವಾರ, ಭಾನುವಾರ ಮಾಡಿ. ಒಂಬತ್ತು ಗಂಟೆಗೆ ಎದ್ದು ಮಾಡುವ ಹುಗ್ಗಿಗೆ ತಿಂಡಿ ಅನ್ನಿ, ತಪ್ಪೇನಿಲ್ಲ. ಇದು ಸೊಗಡವರೆ ಕಾಲ ಬೇರೆ. ಅವರೆಕಾಳನ್ನು ಪ್ರತ್ಯೇಕ ಬೇಯಿಸಿ ಒಗ್ಗರಣೆ ಜೊತೆ ಸೇರಿಸಿ, ಪಕ್ಕಕ್ಕೆ ಹುಣಸೆ ಗೊಜ್ಜು ಇಟ್ಟುಕೊಳ್ಳಿ.