ಕೆಳಗೆ ಪ್ರೆಸ್, ಮೇಲೆ ಮನೆ: ತುಮಕೂರಿನಲ್ಲಿ ನಾವು ಕಟ್ಟಿಕೊಂಡಿದ್ದು

ನನ್ನ ಆಫೀಸಿಗೂ ನಮ್ಮ ಊಟದ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಬಾಗಿಲು ಇಟ್ಟಿದ್ದೆ. ಗೃಹಪ್ರವೇಶ ಆಗಿ ಒಂಬತ್ತು ತಿಂಗಳಿಗೆ ಅದನ್ನು ಬ್ಲಾಕ್ ಕಟ್ಟಿಸಿ ಮುಚ್ಚಿಸಿದೆ.

ನಾನು ಆರ್ಕಿಟೆಕ್ಟ್. ಹದಿನಾಲ್ಕು ವರ್ಷದಿಂದ ತುಮಕೂರಿನಲ್ಲೇ ಕೆಲಸ. ನಮ್ಮ ಮಾವನದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಎಲ್ಲ ಮಾಡುತ್ತಾರೆ. ಈಗ ಜಾಸ್ತಿ ನೋಡಿಕೊಳ್ಳುವುದು ನಮ್ಮ ಮನೆಯವರು. ಮೊದಲು ಪ್ರೆಸ್ ಒಂದು ಕಡೆ ಬಾಡಿಗೆಗೆ ಇತ್ತು, ನನ್ನ ಆಫೀಸು ಇನ್ನೊಂದು ಕಡೆ, ಮನೆ ಮತ್ತೊಂದು ಕಡೆ. ಮೂರು ಬಾಡಿಗೆ ಕಟ್ಟುವ ಬದಲು ಬಿ.ಎಚ್. ರಸ್ತೆಯಿಂದ ಎರಡು ತಿರುವು ಒಳಗಿದ್ದ ನಮ್ಮ 30x50 ಸೈಟಿನಲ್ಲಿ ಮೂರನ್ನೂ ಕಟ್ಟೋಣ ಅಂತ ಆಯಿತು.

ಕಾಗದದ ಮೇಲೆ ಇದು ಸುಲಭ. ಕೆಳಗೆ ಪ್ರೆಸ್, ನಡುವೆ ಆಫೀಸು, ಮೇಲೆ ಮನೆ. ಬೇರೆಯವರಿಗೆ ನಾನೂ ಹಾಗೇ ಬರೆದುಕೊಟ್ಟಿದ್ದೆ. ನಮ್ಮದೇ ಕಟ್ಟಡಕ್ಕೆ ಕೂತಾಗ ಗೊತ್ತಾಯಿತು, ಮಹಡಿ ಹಂಚುವುದು ಒಂದು ದಿನದ ಕೆಲಸ. ಕೆಲಸದ ಜಾಗ ಎಲ್ಲಿ ಮುಗಿಯುತ್ತೆ, ಮನೆ ಎಲ್ಲಿಂದ ಶುರುವಾಗುತ್ತೆ ಅನ್ನುವುದನ್ನು ಯೋಚಿಸುವುದಕ್ಕೆ ನನಗೆ ಐದು ತಿಂಗಳು ಹಿಡಿಯಿತು.

ಆಗ ನಾನು ಸುಮ್ಮನೆ ಚಿಕ್ಕಪೇಟೆ, ಮಂಡಿಪೇಟೆ ಕಡೆ ಓಡಾಡಿದೆ. ಅಲ್ಲಿ ಉಳಿದಿರುವ ಕೆಲವು ಹಳೇ ಮನೆಗಳಲ್ಲಿ ಮುಂದೆ ವ್ಯಾಪಾರ, ಹಿಂದೆ ಸಂಸಾರ. ನಡುವೆ ಬರೀ ಗೋಡೆ ಇಲ್ಲ. ಮೊದಲು ಜಗಲಿ, ಆಮೇಲೆ ಅಂಗಡಿ, ಆಮೇಲೆ ಒಂದು ಕತ್ತಲೆಯ ನಡುವಂಕಣ, ಅದನ್ನು ದಾಟಿದರೆ ತೊಟ್ಟಿ, ಬೆಳಕು, ಅಡುಗೆಮನೆ. ಗಿರಾಕಿ ಜಗಲಿವರೆಗೆ. ಪರಿಚಯದವರು ಅಂಗಡಿ ಒಳಗೆ. ನೆಂಟರು ನಡುಮನೆಗೆ. ಯಾರೂ ಬೋರ್ಡ್ ಹಾಕಿಲ್ಲ, ಆದರೂ ಎಲ್ಲರಿಗೂ ಎಲ್ಲಿ ನಿಲ್ಲಬೇಕು ಅಂತ ಗೊತ್ತು. ನಮಗೆ ಬೇಕಾಗಿದ್ದು ಅದೇ. ಹಿಂದಕ್ಕೆ ಹಿಗ್ಗಿಸಲು ಜಾಗ ಇಲ್ಲದ್ದರಿಂದ ಮೇಲಕ್ಕೆ ಮಾಡಬೇಕಿತ್ತು.

ಮೊದಲು ಸಿಕ್ಕಿಹಾಕಿಕೊಂಡಿದ್ದು ಮೆಟ್ಟಿಲಲ್ಲಿ. ಸೆಟ್‌ಬ್ಯಾಕ್, ಅಂದರೆ ಸುತ್ತ ಖಾಲಿ ಬಿಡಬೇಕಾದ ಜಾಗ, ಬಿಟ್ಟು ನಮಗೆ ಉಳಿದಿದ್ದು 24 ಅಡಿ ಅಗಲ, 40 ಅಡಿ ಉದ್ದ. ಮುಂಭಾಗದ ಒಂದೊಂದು ಅಡಿಗೂ ಬಾಡಿಗೆಯ ಬೆಲೆ ಇದೆ. ಅದಕ್ಕೇ ನಾನು ಮೆಟ್ಟಿಲನ್ನು ಹಿಂದಕ್ಕೆ ಹಾಕಿದ್ದೆ, ಪ್ರೆಸ್ ಒಳಗಿಂದಲೇ ಹತ್ತುವ ಹಾಗೆ. ಅತ್ತೆ ನಕ್ಷೆ ನೋಡಿದರು. ಅವರಿಗೆ ನಕ್ಷೆ ಓದಲು ಬರಲ್ಲ ಅಂದುಕೊಂಡಿದ್ದೆ. ಬೆರಳಿಟ್ಟು ಬಾಗಿಲಿಂದ ಮೆಟ್ಟಿಲವರೆಗೆ ಎಳೆದರು. "ಅಲ್ಲಮ್ಮಾ, ಹಾಲು ತರೋಕೆ ಹೋಗ್ಬೇಕಾದ್ರೂ ನಾನು ಮಿಷನ್ನು, ಹುಡುಗರು, ಗಿರಾಕಿಗಳ ಮುಂದೆಲ್ಲ ಹಾದು ಹೋಗ್ಬೇಕಾ?" ಅಂದರು.

ಆ ನಕ್ಷೆ ಅಲ್ಲಿಗೆ ಮುಗಿಯಿತು. ಇನ್ನೊಂದು ಕಾರಣವೂ ಇತ್ತು, ಅದು ನನಗೇ ಮೊದಲು ಹೊಳೆಯಬೇಕಿತ್ತು. ಕೆಳಗೆ ಪೇಪರ್ ರಾಶಿ, ಮೇಲೆ ಮಲಗುವ ಜನ. ಬೆಂಕಿ ಬಿದ್ದರೆ ಹೊಗೆ ಮೊದಲು ಏರುವುದು ಮೆಟ್ಟಿಲ ಗುಂಟ. ಇಳಿದು ಓಡಬೇಕಾದ ದಾರಿಯೇ ಚಿಮಣಿ ಆಗುತ್ತೆ. ಈಗ ಮೆಟ್ಟಿಲು ನೈರುತ್ಯ ಮೂಲೆಯಲ್ಲಿ, ರಸ್ತೆಗೆ ಅದರದೇ ಗೇಟು. ಪ್ರೆಸ್ಸಿನಿಂದ ಮೆಟ್ಟಿಲಿಗೆ ಒಂದು ಕಿಟಕಿಯೂ ಇಲ್ಲ. ನಡುವಿನದು 8 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ಪಾಯದಿಂದ ತಾರಸಿವರೆಗೆ ಒಂದೇ ಸಮ. ತುದಿಯಲ್ಲಿ ಹೊಗೆ ಹೋಗಲು ತೆರೆದ ಜಾಲಿ. ಕೆಳಗೆ ಅಂಗಡಿ ಇಟ್ಟು ಮೇಲೆ ಮನೆ ಕಟ್ಟುವವರು ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಅತ್ತೆಗೆ ಮಂಡಿನೋವು. ಮೆಟ್ಟಿಲಿನ ಎತ್ತರ 6 ಇಂಚು, ಕಾಲಿಡುವ ಅಗಲ 11 ಇಂಚು ಇಟ್ಟೆ. ಕೆಳಗಿನ ಮಹಡಿ 11 ಅಡಿ 6 ಇಂಚು, ಅಂದರೆ 23 ಮೆಟ್ಟಿಲು. ಏಳು ಇಂಚು ಮಾಡಿದ್ದರೆ 20 ಮೆಟ್ಟಿಲಿಗೆ ಮುಗಿಯುತ್ತಿತ್ತು, ಜಾಗವೂ ಉಳಿಯುತ್ತಿತ್ತು. ಸೆಂಟ್ರಿಂಗ್ ಮೇಸ್ತ್ರಿ ಅದನ್ನೇ ಮೂರು ಸಲ ಹೇಳಿದ. ನಾನು ಒಪ್ಪಲಿಲ್ಲ. ದಿನಕ್ಕೆ ಎರಡು ಸಲ ಹತ್ತಿ ಇಳಿಯುವವರಿಗೆ ಆ ಒಂದು ಇಂಚು ಮಂಡಿಗೆ ಗೊತ್ತಾಗುತ್ತೆ. ನಡುವಿನ ತಿರುವಿನಲ್ಲಿ ಕೂರಲು ಒಂದು ಕಲ್ಲಿನ ಚಪ್ಪಡಿ ಹಾಕಿಸಿದೆ. ತರಕಾರಿ ಚೀಲ ಇಟ್ಟು ಅತ್ತೆ ಅಲ್ಲಿ ಒಂದು ನಿಮಿಷ ಕೂರುತ್ತಾರೆ. ನನ್ನನ್ನು ನೋಡಲು ಬಂದವರೂ ಅಲ್ಲೇ ಕಾಯುತ್ತಾರೆ.

ಮೊದಲ ಮಹಡಿಯಲ್ಲಿ ರಸ್ತೆ ಕಡೆ ನನ್ನ ಆಫೀಸು. ಹಿಂದೆ, ಪೂರ್ವಕ್ಕೆ, ಅಡುಗೆಮನೆ, ಊಟದ ಮನೆ, ಅತ್ತೆ ಮಾವನ ಕೋಣೆ. ಅವರನ್ನು ಎರಡನೇ ಮಹಡಿಗೆ ಹತ್ತಿಸಬಾರದು ಅನ್ನುವುದು ಖಚಿತ ಇತ್ತು, ಅದಕ್ಕೆ ಮಲಗುವ ಕೋಣೆ ಮೇಲೆ ಇರುವುದು ನಮಗೂ ಮಕ್ಕಳಿಗೂ. ಹೀಗಾಗಿ ಒಂದೇ ಮಹಡಿಯಲ್ಲಿ ಆಫೀಸೂ ಮನೆಯೂ ಬೆನ್ನಿಗೆ ಬೆನ್ನು ಕೊಟ್ಟು ಕೂತವು. ಬಾಗಿಲು ಇಟ್ಟಿದ್ದು ಅಲ್ಲೇ. ಎದ್ದು ಎರಡು ಹೆಜ್ಜೆ ಹಾಕಿದರೆ ಊಟದ ಟೇಬಲ್ಲು. ಮಗು ಸ್ಕೂಲಿಂದ ಬಂದರೆ ನೋಡಬಹುದು, ಕುಕ್ಕರ್ ಕೂಗಿದರೆ ಕೇಳುತ್ತೆ. ಅನುಕೂಲ ಅಲ್ವಾ ಅನ್ನಿಸಿತ್ತು.

ಆ ಒಂಬತ್ತು ತಿಂಗಳು ನಾನು ಎಲ್ಲೂ ಪೂರ್ತಿ ಇರಲಿಲ್ಲ. ಊಟಕ್ಕೆ ಕೂತಾಗ ಸೈಟಿನ ಫೋನು, ಎದ್ದು ಒಳಗೆ ಹೋಗಿ ಡ್ರಾಯಿಂಗ್ ನೋಡು. ಕ್ಲೈಂಟ್ ಜತೆ ಮಾತಾಡುವಾಗ ಮಿಕ್ಸಿ ಸದ್ದು, ಒಗ್ಗರಣೆ ಘಾಟು. ರಾತ್ರಿ ಹತ್ತಕ್ಕೆ ಒಂದು ಗೆರೆ ತಿದ್ದೋಣ ಅಂತ ಹೋದವಳು ಹನ್ನೆರಡಕ್ಕೆ ಬರುತ್ತಿದ್ದೆ. ಒಂದು ದಿನ ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ನೀನು ಈಗ ಆಫೀಸಲ್ಲಿದ್ದೀಯಾ, ಮನೇಲಿದ್ದೀಯಾ?" ಅಂತ ಕೇಳಿದಳು. ಅವಳಿಗೆ ನಿಜವಾಗಿ ಗೊತ್ತಾಗಬೇಕಿತ್ತು. ನನಗೆ ಉತ್ತರ ಬರಲಿಲ್ಲ.

ಮುಂದಿನ ವಾರ ಗಾರೆಯವನನ್ನು ಕರೆಸಿದೆ. ಚೌಕಟ್ಟು ಹಾಗೇ ಬಿಟ್ಟು ನಡುವೆ 4 ಇಂಚಿನ ಬ್ಲಾಕ್ ಕಟ್ಟಿಸಿದೆ. ಎರಡೂ ಕಡೆ ಗೂಡಿನ ಹಾಗೆ ಆಯಿತು. ನನ್ನ ಕಡೆ ಟೈಲ್ಸ್ ಸ್ಯಾಂಪಲ್ಲು, ಅತ್ತೆ ಕಡೆ ಉಪ್ಪಿನಕಾಯಿ ಭರಣಿ. ಈಗ ಮನೆಗೆ ಹೋಗಬೇಕಾದರೆ ಆಫೀಸಿನ ದೀಪ ಆರಿಸಿ, ಬೀಗ ಹಾಕಿ, ಚಪ್ಪಲಿ ಮೆಟ್ಟಿ, ತೊಟ್ಟಿ ಪಕ್ಕದ ಓಣಿಯಲ್ಲಿ ಹದಿನಾಲ್ಕು ಹೆಜ್ಜೆ ನಡೆಯಬೇಕು. ಓಣಿಗೆ ಮೇಲಿನಿಂದ ಬೆಳಕು, ಮಳೆ ಬಂದರೆ ಒಂದಿಷ್ಟು ಎರಚಲು. ಆ ಹದಿನಾಲ್ಕು ಹೆಜ್ಜೆಗೆ ನನ್ನ ಆಫೀಸು ಮುಗಿದಿರುತ್ತೆ. ಮನೆಯಿಂದಲೇ ಕೆಲಸ ಮಾಡುವವರಿಗೆ ಮನೆ ಬರೆದುಕೊಡುವಾಗ ಈಗ ನಾನು ಮೊದಲು ಕೇಳುವುದೇ ಇದು: ಕೆಲಸದ ಟೇಬಲ್ಲಿನಿಂದ ಊಟದ ತಟ್ಟೆಗೆ ಎಷ್ಟು ದೂರ ಬೇಕು?

ಆ ತೊಟ್ಟಿಯ ವಿಷಯ ಹೇಳಬೇಕು. 6 ಅಡಿ, 8 ಅಡಿ. ಪ್ರೆಸ್ಸಿನ ಒಳಕ್ಕೂ ಬೆಳಕು ಇಳಿಯಲಿ ಅಂತ ನೆಲದಿಂದ ಆಕಾಶದವರೆಗೆ ತೆರೆದಿಟ್ಟಿದ್ದೆ. ಮೋಲ್ಡ್ ಆಗಿ, ಗೋಡೆ ಎದ್ದ ಮೇಲೆ ಒಂದು ಸಂಜೆ ಅನುಮಾನ ಬಂತು. ಒಂದು ಕಟ್ಟು ಊದುಬತ್ತಿ ತರಿಸಿ, ಪ್ರೆಸ್ ನೆಲದಲ್ಲಿ ಹಚ್ಚಿಟ್ಟು ಮೇಲೆ ಹೋಗಿ ನಿಂತೆ. ಹೊಗೆ ನೆಟ್ಟಗೆ ಮೇಲೆ ಬಂತು. ಅಡುಗೆಮನೆ ಕಿಟಕಿ ಹತ್ತಿರ ಬಂದು ಒಳಕ್ಕೆ ತಿರುಗಿತು. ಅದು ಊದುಬತ್ತಿ. ನಾಳೆ ಅಲ್ಲಿ ಇಂಕಿನ ವಾಸನೆ, ರೋಲರ್ ತೊಳೆಯುವ ಸೀಮೆಎಣ್ಣೆ ವಾಸನೆ. ಬಿಸಿ ಗಾಳಿ ಮೇಲೇರುತ್ತೆ ಅನ್ನುವುದು ಪುಸ್ತಕದಲ್ಲಿ ಓದಿದ್ದೆ. ಅದು ನಮ್ಮ ಅಡುಗೆಮನೆಗೇ ಹೋಗುತ್ತೆ ಅನ್ನುವುದನ್ನು ಊದುಬತ್ತಿ ತೋರಿಸಿತು. ಪ್ರೆಸ್ ಕಡೆಯ ತೆರಪಿಗೆ ತೆಗೆಯಲಾಗದ ಗಾಜು ಕೂರಿಸಿದೆವು. ಬೆಳಕು ಇಳಿಯುತ್ತೆ, ಗಾಳಿ ಏರಲ್ಲ. ಪ್ರೆಸ್ಸಿನ ಗಾಳಿಗೆ ಬೇರೆ ಪೈಪು, ಎಕ್ಸಾಸ್ಟ್ ಫ್ಯಾನು, ಪ್ಯಾರಾಪೆಟ್ ದಾಟಿ 3 ಅಡಿ ಮೇಲೆ ಬಿಟ್ಟಿದ್ದೇವೆ.

ಸದ್ದಿಗೆ ಮಾಡಿದ್ದು ಇಷ್ಟು. ಆಫ್‌ಸೆಟ್ ಮಿಷನ್ನು ನನ್ನ ಆಫೀಸಿನ ಕೆಳಗೆ, ಅತ್ತೆ ಮಾವನ ಕೋಣೆ ಕೆಳಗೆ ಪೇಪರ್ ದಾಸ್ತಾನು. ಮಿಷನ್ನಿಗೆ ಒಂದೂವರೆ ಅಡಿ ಆಳದ ಬೇರೆಯೇ ಕಾಂಕ್ರೀಟ್ ದಿಂಡು. ಸುತ್ತ ಒಂದು ಇಂಚು ಸಂದು ಬಿಟ್ಟು ಥರ್ಮಾಕೋಲ್ ಇಟ್ಟೆವು. ದಿಂಡು ಸುತ್ತಲಿನ ನೆಲದ ಕಾಂಕ್ರೀಟಿಗೂ ತಾಕಬಾರದು, ಪಿಲ್ಲರ್ ಪಾಯಕ್ಕೂ ತಾಕಬಾರದು. ತಾಕಿದರೆ ಮಿಷನ್ನಿನ ಅದುರು ಪಿಲ್ಲರ್ ಹಿಡಿದು ಮೇಲಕ್ಕೆ ಬರುತ್ತೆ, ಆಮೇಲೆ ಎಷ್ಟು ದಪ್ಪ ಗೋಡೆ ಕಟ್ಟಿದರೂ ನಿಲ್ಲಲ್ಲ. ಗಾಳಿಯಲ್ಲಿ ಬರುವ ಸದ್ದು ನೀರಿನ ಹಾಗೆ, ಸಂದು ಇದ್ದ ಕಡೆ ಸೋರುತ್ತೆ. ಬಚ್ಚಲಿನ ಡಕ್ಟಿನಲ್ಲಿ ಪೈಪು ತೂರಿದ ತೂತುಗಳನ್ನು ಸಿಮೆಂಟ್ ಮೆತ್ತಿ ಮುಚ್ಚಿದ ದಿನ ಅರ್ಧ ಸದ್ದು ಹೋದ ಹಾಗಾಯಿತು.

ಪೇಪರ್ ಕೆಳಗೇ ಇರಬೇಕು ಅನ್ನುವುದಕ್ಕೆ ಮಾವನ ಜತೆ ಸ್ವಲ್ಪ ವಾದವೇ ಆಯಿತು. "ಮೇಲೆ ಒಂದು ರೂಮು ಪೇಪರಿಗೆ ಕೊಡಮ್ಮಾ, ಕೆಳಗೆ ಇನ್ನೊಂದು ಮಿಷನ್ನು ಹಾಕ್ಬಹುದು" ಅಂದರು. ಒಂದು ರೀಮ್ ಎ4 ಪೇಪರ್ ತಕ್ಕಡಿಗೆ ಇಟ್ಟು ತೋರಿಸಿದೆ. 500 ಹಾಳೆ, ಸುಮಾರು 2.3 ಕೇಜಿ, ದಪ್ಪ ಎರಡು ಇಂಚು. ಅದೇ ಲೆಕ್ಕದಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮೀಟರ್ ಎತ್ತರ ಪೇಪರ್ ಜೋಡಿಸಿದರೆ 700 ಕೇಜಿ ದಾಟುತ್ತೆ. ಮನೆಯ ಕೋಣೆಗೆ ಕಟ್ಟಡದ ಭಾರದ ಲೆಕ್ಕಕ್ಕೆ ನಮ್ಮ ದೇಶದಲ್ಲಿರುವ ಐಎಸ್ 875 ಕೋಡ್ ಹೇಳುವ ಬಳಕೆಯ ಭಾರ (ಜನ, ಸಾಮಾನಿನ ಭಾರ) ಚದರ ಮೀಟರಿಗೆ ಸುಮಾರು 200 ಕೇಜಿ, ಅಂಗಡಿಗೆ 400. ಮಾವ ಐವತ್ತು ವರ್ಷ ಪೇಪರ್ ಹೊತ್ತವರು, ಭಾರ ಅವರಿಗೆ ಗೊತ್ತು. ಲೆಕ್ಕ ಕೇಳಿ ಸುಮ್ಮನಾದರು. ಮನೆ ಅಂತ ಕಟ್ಟಿ ಆಮೇಲೆ ಗೋಡೌನ್ ಮಾಡುವವರು ನಮ್ಮೂರಲ್ಲೂ ಇದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಭಯ ಆಗುತ್ತೆ.

ಸ್ಟ್ರಕ್ಚರಲ್ ಇಂಜಿನಿಯರ್ ಇನ್ನೊಂದು ಹಟ ಹಿಡಿದರು. ಕೆಳಗೆ ಪೂರ್ತಿ ಶಟರು, ಮೇಲೆ ಪೂರ್ತಿ ಗೋಡೆ ಬೇಡ ಅಂತ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದಿನಂಥ ದೂರದ ಊರಲ್ಲೂ, ಕೆಳಗೆ ಬರೀ ಪಿಲ್ಲರ್ ಇದ್ದ ಕಟ್ಟಡಗಳು ಬಿದ್ದವು. ತುಮಕೂರು ಇರುವುದು ಭೂಕಂಪದ ಅಪಾಯ ಕಡಿಮೆ ಇರುವ 2ನೇ ವಲಯದಲ್ಲಿ, ನಿಜ. ಆದರೂ ಮೆಟ್ಟಿಲ ಸುತ್ತಿನ ಗೋಡೆ ಪಾಯದಿಂದಲೇ ಎದ್ದಿದ್ದು ಇಲ್ಲಿ ಎರಡು ಕೆಲಸ ಮಾಡಿತು: ಹೊಗೆಯನ್ನೂ ತಡೆಯುತ್ತೆ, ಕೆಳಗಿನ ಮಹಡಿಗೆ ಬಿಗಿಯನ್ನೂ ಕೊಡುತ್ತೆ.

ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಸೈಟು. ಮಾರ್ಚಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಎರಡಡಿ ಸಜ್ಜಾ ಕೊಡುವ ನೆರಳು ಒಂದಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ಕೆಳಗೆ 5 ಅಡಿ ಆಳದ ಜಗಲಿ ಬಿಟ್ಟು ಶಟರನ್ನು ಒಳಕ್ಕೆ ತಳ್ಳಿದೆ. ಮೇಲೆ ಆಫೀಸಿನ ಮುಂದೆ ಇಟ್ಟಿಗೆ ಜಾಲಿ. ಬಿಸಿಲು ತಡೆಯುತ್ತೆ, ಮುಂಗಾರಿನ ಪಡುವಣ ಗಾಳಿ ಒಳಗೆ ಬರುತ್ತೆ. ಧೂಳೂ ಬರುತ್ತೆ, ತಿಂಗಳಿಗೊಮ್ಮೆ ಬ್ರಷ್ ಹಿಡಿಯಲೇಬೇಕು.

ಜಗಲಿಗೆ 80 ಚದರಡಿ ಹೋಯಿತು. "ಬಾಡಿಗೆ ಬರೋ ಜಾಗ ಅಲ್ವೇನಮ್ಮಾ" ಅಂತ ಮಾವನಿಗೆ ಬೇಜಾರು. ಸಿಂಗಪುರದ ಅಂಗಡಿ ಮನೆಗಳ ವಿಷಯ ಹೇಳಿದೆ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಮಾಡಿಸಿದ ಊರಿನ ಯೋಜನೆಯಲ್ಲೇ, ಪ್ರತಿ ಅಂಗಡಿ ಮುಂದೆ ಜನ ನೆರಳಲ್ಲಿ ನಡೆಯಲು ಜಗಲಿ ಬಿಡಬೇಕು ಅಂತ ಇತ್ತು. ಐದಡಿ ದಾರಿ ಅಂತಲೇ ಅದಕ್ಕೆ ಹೆಸರು. ಮಾವ ಅದಕ್ಕೆ ಒಲಿಯಲಿಲ್ಲ. ಈಗ ಬೆಳಗ್ಗೆ ಪೇಪರ್ ಓದುವುದು ಅಲ್ಲೇ, ಲಗ್ನಪತ್ರಿಕೆಯ ಕರಡು ತಿದ್ದಿಸುವುದೂ ಅಲ್ಲೇ. ಮದುವೆ ಮನೆಯವರು ಐದಾರು ಜನ ಒಟ್ಟಿಗೆ ಬಂದು, ಯಾರ ಹೆಸರು ಮೇಲೆ ಯಾರದು ಕೆಳಗೆ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಅವರಿಗೆ ಕೂರಲು ಜಾಗ ಬೇಕಿತ್ತು. ಹಳೇ ಬಾಡಿಗೆ ಅಂಗಡಿಯಲ್ಲಿ ಅವರೆಲ್ಲ ಬಿಸಿಲಲ್ಲಿ ನಿಲ್ಲುತ್ತಿದ್ದರು.

ಚಿಕ್ಕ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಮನೆ, ಆಫೀಸು, ಪ್ರೆಸ್, ಮೂರಕ್ಕೂ ಬೇರೆ ಬೇರೆ ಮೀಟರು ಹಾಕಿಸಿ. ವಾಸದ ದರ ಬೇರೆ, ವಾಣಿಜ್ಯದ ದರ ಬೇರೆ. ಆಸ್ತಿ ತೆರಿಗೆಯೂ ಹಾಗೇ. ಸೈಟು ಮಾಸ್ಟರ್ ಪ್ಲಾನಿನಲ್ಲಿ ಯಾವ ವಲಯದಲ್ಲಿದೆ ಅಂತ ನಕ್ಷೆ ಬರೆಯುವ ಮೊದಲೇ ಟೂಡಾದಲ್ಲಿ (ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ) ನೋಡಿಕೊಳ್ಳಿ, ಕಟ್ಟಿದ ಮೇಲಲ್ಲ. ತಾರಸಿ ನೀರು ಸಂಪಿಗೆ ಇಳಿಸಿ. ಸುಮಾರು 1000 ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್ ದಾಟುತ್ತೆ. ನಲ್ಲಿಗೆ ಹೇಮಾವತಿ ನೀರು ಬರುವ ದಿನಕ್ಕೆ ಕಾಯುವ ಮನೆಗೆ ಅದು ಕಡಿಮೆ ಏನಲ್ಲ.

ಮೆಟ್ಟಿಲ ಪಕ್ಕ 5 ಅಡಿ ಚೌಕದ ಖಾಲಿ ಜಾಗವನ್ನು ಕೆಳಗಿಂದ ಮೇಲಿನವರೆಗೆ ಬಿಟ್ಟಿದ್ದೇನೆ, ಮುಂದೆ ಲಿಫ್ಟ್ ಬರಲಿ ಅಂತ. ಈಗಲೇ ಹಾಕಲು ದುಡ್ಡು ಸಾಲಲಿಲ್ಲ. ಮೇಲಿನ ಮೋಲ್ಡಿಗೆ ಕಬ್ಬಿಣದ ಕೊಕ್ಕೆ ಹಾಕಿಸಿ ರಾಟೆ ಕಟ್ಟಿದ್ದೇವೆ, ಪ್ರತಿ ಮಹಡಿಯಲ್ಲೂ ಗ್ರಿಲ್ ಬಾಗಿಲು, ಚಿಲಕ ಇದೆ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು ಅದರಲ್ಲೇ ಮೇಲೆ ಬರುತ್ತವೆ. ಮಧ್ಯಾಹ್ನ ಒಂದೂವರೆಗೆ ಅತ್ತೆ ಟಿಫನ್ ಕ್ಯಾರಿಯರ್ ಕಟ್ಟಿ ಕೆಳಗೆ ಬಿಡುತ್ತಾರೆ. ಪ್ರೆಸ್ ಹುಡುಗರು ಬಿಚ್ಚಿಕೊಂಡು ಹಗ್ಗ ಒಂದು ಸಲ ಜಗ್ಗುತ್ತಾರೆ. ಅದು ಸಿಕ್ಕಿತು ಅಂತ ಅರ್ಥ. ಎರಡು ಸಲ ಜಗ್ಗಿದರೆ ಸಾರು ಇನ್ನಷ್ಟು ಬೇಕು ಅಂತ.