ನ್ಯೂಯಾರ್ಕ್ ಬಂದರಿನಲ್ಲಿ ಸಿಂಪಿ ದಿಬ್ಬ ಕಟ್ಟುವ ಕ್ರಮ

ಲಿಬರ್ಟಿ ಪ್ರತಿಮೆ ನಿಂತ ದ್ವೀಪವೇ ಒಂದು ಕಾಲಕ್ಕೆ ಸಿಂಪಿಗೆ, ಅಂದರೆ ಆಯ್ಸ್ಟರ್ ಎಂಬ ಚಿಪ್ಪುಜೀವಿಗೆ, ಹೆಸರಾಗಿತ್ತು. ಅಲ್ಲಿ ಸಿಂಪಿ ಮರಳಬೇಕಾದರೆ ಮೊದಲು ಬಂದರಿಗೆ ಕೊಳಚೆ ನೀರು ಹರಿಯುವುದು ನಿಲ್ಲಬೇಕು. ಅದಿಲ್ಲದೆ ಉಳಿದದ್ದೆಲ್ಲ ದಂಡ.

ಹೋಟೆಲುಗಳಿಂದ ಖಾಲಿ ಚಿಪ್ಪು ತಂದು ಬಯಲಿನಲ್ಲಿ ರಾಶಿ ಹಾಕಿ, ಒಂದು ವರ್ಷ ಬಿಸಿಲು ಮಳೆಗೆ ಬಿಡಿ. ಅವಸರಪಟ್ಟರೆ ಅಂಟಿದ ಮಾಂಸದ ಜೊತೆ ರೋಗಾಣುಗಳೂ ನೀರಿಗಿಳಿಯುತ್ತವೆ. ತೊಳೆದ ಚಿಪ್ಪನ್ನು ತೊಟ್ಟಿಯ ಉಪ್ಪುನೀರಿಗೆ ಹಾಕಿ, ಚಿಪ್ಪಿಗೆ ಅಂಟಿಕೊಳ್ಳುವ ಹಂತ ತಲುಪಿದ ಎರಡು-ಮೂರು ವಾರದ ಲಾರ್ವಾ (ನೀರಲ್ಲಿ ಈಜುವ ಎಳೆ ಸಿಂಪಿ) ಬಿಡಿ. ಅಂಟಿದ ಮೇಲೆ ತಂತಿ ಪಂಜರಕ್ಕೆ ತುಂಬಿ ಬಂದರಿಗಿಳಿಸಿ.

ಪಂಜರವನ್ನು ನೇರ ಕೆಸರಿನ ಮೇಲಿಟ್ಟರೆ ಹೂಳು ಮುಚ್ಚಿ ಮರಿಗಳು ಉಸಿರುಗಟ್ಟುತ್ತವೆ. ಅಡಿಗೆ ಕಲ್ಲು ಹಾಸಿ, ಎತ್ತರಿಸಿ. ಬೆಳೆದ ಒಂದು ಸಿಂಪಿ ಅನುಕೂಲ ಸ್ಥಿತಿಯಲ್ಲಿ ದಿನಕ್ಕೆ ಸುಮಾರು 190 ಲೀಟರ್ ನೀರು ಸೋಸಬಲ್ಲದು. ಸೋಸಿದ ಕೊಳೆ ಅದರೊಳಗೂ ಉಳಿಯುವುದರಿಂದ, ಇವನ್ನು ಮಾತ್ರ ತಿನ್ನಬೇಡಿ.